ಕಾಲಿಂಗ್ ಆಲ್ ಸ್ಟೇಷನ್ಸ್: ಬೈಯೋದಾದ್ರೆ ಹಾಡಿದವನನ್ನ ಬೈಬೇಡಿ

ಮೊದಲೇ ಹೇಳ್ಬಿಡ್ತೀನಿ, ಇದು ಹೊಸ ಆಲ್ಬಮ್ ಅಲ್ಲ, 1997ರದ್ದು. ದೀಪಾವಳಿಗೆ ಊರಿಗೆ ಹೋದಾಗ ಅಟ್ಟ ಕ್ಲೀನ್ ಮಾಡೋ ಕೆಲಸ ನನ್ನ ತಲೆಗೆ ಬಿತ್ತು, ಅಲ್ಲಿ ಒಂದು ಬಿಸ್ಕತ್ತಿನ ತಗಡಿನ ಡಬ್ಬಿ ತುಂಬ ಕ್ಯಾಸೆಟ್ಟು, ಸುಮಾರಕ್ಕೆ ಬೂಷ್ಟು ಹಿಡಿದು ಬೆಳ್ಳಗಾಗಿವೆ, ನಮ್ಮ ಕಡೆ ಮಳೆಗೆ ಕ್ಯಾಸೆಟ್ಟೇನು ಚಪ್ಪಲಿ ಬೆಲ್ಟು ಎಲ್ಲಾನೂ ಬೆಳ್ಳಗಾಗತ್ತೆ ಬಿಡಿ. ಬೇರೆ ಕ್ಯಾಸೆಟ್ಟಿನ ಮೇಲೆಲ್ಲ ಬೆರಳು ತಾಗಿ ತಾಗಿ ಅಕ್ಷರ ಅಳಿಸಿ ಹೋಗಿದೆ, ಒಂದರ ಮೇಲೆ ಮಾತ್ರ ಅಕ್ಷರ ಅಂಗಡಿಯಿಂದ ತಂದ ಹಾಗೇ ಇತ್ತು. ಅದು ಜೆನೆಸಿಸ್ ಅನ್ನೋ ಇಂಗ್ಲಿಷ್ ರಾಕ್ ಬ್ಯಾಂಡಿನ ಕಾಲಿಂಗ್ ಆಲ್ ಸ್ಟೇಷನ್ಸ್. ಕಾಲೇಜಲ್ಲಿದ್ದಾಗ ಬೆಂಗಳೂರಲ್ಲಿ ತಗೊಂಡಿದ್ದು, ಮೂರೋ ನಾಲ್ಕೋ ಸಲ ಕೇಳಿ ಮೂಲೆಗೆ ಬಿಸಾಕಿದ್ದೆ. ಹಾಸ್ಟೆಲ್ಲಲ್ಲಿ ಆಗ ನಾವೆಲ್ಲ ಸೇರಿ ಕೊಟ್ಟ ತೀರ್ಪು ಒಂದೇ, ಹಳೇ ಹಾಡುಗಾರ ಫಿಲ್ ಕಾಲಿನ್ಸ್ ಇಲ್ಲದ ಜೆನೆಸಿಸ್ಸು ಉಪ್ಪಿಲ್ಲದ ಗಂಜಿ, ಅವನ್ಯಾರೋ ಹೊಸಬನಿಗೆ ಹಾಡೋಕೆ ಬರಲ್ಲ.

ಈಗ ಇಪ್ಪತ್ತೇಳು ಇಪ್ಪತ್ತೆಂಟು ವರ್ಷ ಆದ್ಮೇಲೆ ಕೂತು ಕೇಳಿದ್ರೆ, ಗಂಜಿಗೆ ಉಪ್ಪು ಕಮ್ಮಿ ಅನ್ನೋದು ನಿಜ, ಆದ್ರೆ ಹೊಸಬನ ಬಗ್ಗೆ ನಾವು ಹೇಳಿದ್ದು ಶುದ್ಧ ಸುಳ್ಳು. ಅದನ್ನ ಹೇಳೋಕೇ ಇಷ್ಟುದ್ದ ಬರೀತಿರೋದು.

ಜೆನೆಸಿಸ್ ಗೊತ್ತಿಲ್ಲದವ್ರಿಗೆ ಸ್ವಲ್ಪ ಹಿಂದಿನ ಕತೆ ಹೇಳ್ಬೇಕು, ಗೊತ್ತಿದ್ದವ್ರು ಈ ಪ್ಯಾರಾ ಹಾರಿಸಿ. 1967ರಲ್ಲಿ ಇಂಗ್ಲೆಂಡಿನ ಸರೇ ಅನ್ನೋ ಕಡೆ ಚಾರ್ಟರ್‌ಹೌಸ್ ಅಂತ ದುಡ್ಡಿದ್ದವ್ರ ಮಕ್ಕಳು ಓದೋ ಸ್ಕೂಲಲ್ಲಿ ಹುಡುಗ್ರು ಸೇರಿ ಕಟ್ಟಿದ ಬ್ಯಾಂಡ್ ಇದು. ಪೀಟರ್ ಗೇಬ್ರಿಯಲ್ ಹಾಡ್ತಿದ್ದ, ಟೋನಿ ಬ್ಯಾಂಕ್ಸ್ ಕೀಬೋರ್ಡು, ಮೈಕ್ ರುದರ್‌ಫೋರ್ಡ್ ಬೇಸು ಗಿಟಾರು, 1970ರಲ್ಲಿ ಡ್ರಮ್ಸಿಗೆ ಫಿಲ್ ಕಾಲಿನ್ಸ್ ಬಂದ, 1971ರ ಶುರುವಲ್ಲಿ ಗಿಟಾರಿಗೆ ಸ್ಟೀವ್ ಹ್ಯಾಕೆಟ್. ಗೇಬ್ರಿಯಲ್ ಸ್ಟೇಜ್ ಮೇಲೆ ನರಿ ಮುಖವಾಡ ಹಾಕ್ಕೊಂಡು ಹೆಂಡ್ತಿಯ ಕೆಂಪು ಡ್ರೆಸ್ ತೊಟ್ಟು ಬರ್ತಿದ್ದ, ತಲೆಗೆ ಹೂವಿನ ದಳ ಕಟ್ಕೊಂಡು ಬರ್ತಿದ್ದ, ಒಂದೊಂದು ಹಾಡು ಒಂದೊಂದು ಪ್ರಸಂಗ, 1972ರ ಫಾಕ್ಸ್‌ಟ್ರಾಟ್ ಆಲ್ಬಮ್ಮಿನ ಸಪ್ಪರ್ಸ್ ರೆಡಿ ಅಂತೂ ಒಂದೇ ಹಾಡು ಸುಮಾರು 23 ನಿಮಿಷ. ಯಕ್ಷಗಾನ ನೋಡಿ ಬೆಳೆದ ನನ್ನಂಥವನಿಗೆ ಇದರಲ್ಲಿ ವಿಚಿತ್ರ ಅನ್ನೋಕೆ ಏನೂ ಇರ್ಲಿಲ್ಲ, ವೇಷ ಕಟ್ಟಿ ಕತೆ ಹೇಳ್ದೇ ಇದ್ರೆ ಅದೆಂಥಾ ಹಾಡು ಅನ್ನೋ ಪೈಕಿ ನಾವು. 1975ರಲ್ಲಿ ಗೇಬ್ರಿಯಲ್ ಬಿಟ್ಟು ಹೋದ. ಮೇಳದ ಭಾಗವತರೇ ಎದ್ದು ಹೋದ ಹಾಗೆ. ಎಷ್ಟೋ ಜನರನ್ನ ಕರೆಸಿ ಹಾಡಿಸಿ ನೋಡಿದ್ರು, ಯಾರೂ ಸರಿ ಬರ್ಲಿಲ್ಲ, ಕೊನೆಗೆ ಡ್ರಮ್ಸ್ ಬಾರಿಸ್ತಿದ್ದ ಕಾಲಿನ್ಸೇ ಹಾಡಿದ, ಅಂದ್ರೆ ಮದ್ದಳೆ ಬಾರಿಸ್ತಿದ್ದವನೇ ಜಾಗಟೆ ಹಿಡಿದು ಕೂತ. 1977ರಲ್ಲಿ ಹ್ಯಾಕೆಟ್ಟೂ ಹೋದ, ಮೂರೇ ಜನ ಉಳಿದ್ರು. ಆ ಮೂರು ಜನ ಮಾಡಿದ ಕಮಾಯಿ ಮುಂಚೆ ಐದು ಜನ ಮಾಡಿದ್ದಕ್ಕಿಂತ ಎಷ್ಟೋ ಪಟ್ಟು, 1980ರ ಡ್ಯೂಕ್‌ನಿಂದ 1991ರ ವಿ ಕಾಂಟ್ ಡ್ಯಾನ್ಸ್ ತನಕ ಐದಕ್ಕೆ ಐದೂ ಸ್ಟುಡಿಯೋ ಆಲ್ಬಮ್ ಬ್ರಿಟನ್ನಲ್ಲಿ ನಂಬರ್ 1, 1986ರ ಇನ್‌ವಿಸಿಬಲ್ ಟಚ್‌ನ ಐದು ಹಾಡು ಅಮೆರಿಕದಲ್ಲಿ ಟಾಪ್ 5ರೊಳಗೆ. ಹಳೇ ಅಭಿಮಾನಿಗಳು ಆಗ್ಲೇ ಮೂಗು ಮುರೀತಿದ್ರು, ಪಾಪ್ ಆಗೋಯ್ತು ಅಂತ. ಅದು ಬೇರೆ ಜಗಳ, ಈಗ ಬೇಡ.

1996ರ ಮಾರ್ಚಲ್ಲಿ ಕಾಲಿನ್ಸ್ ಬ್ಯಾಂಡ್ ಬಿಟ್ಟಿರೋ ಸುದ್ದಿ ಹೊರಗೆ ಬಂತು. ಉಳಿದಿದ್ದು ಬ್ಯಾಂಕ್ಸು ರುದರ್‌ಫೋರ್ಡು ಇಬ್ಬರೇ, ಸ್ಕೂಲಿಂದ ಜೊತೆಗಿದ್ದವ್ರು. ಬೇರೆ ಯಾರಾದ್ರೂ ಆಗಿದ್ರೆ ಅಲ್ಲಿಗೆ ಬಾಗಿಲು ಹಾಕ್ತಿದ್ರೇನೋ. ಇವ್ರು ಹಾಕ್ಲಿಲ್ಲ, ಹಿಂದೆ ಒಂದ್ಸಲ ಹಾಡುಗಾರ ಹೋದಾಗ ಮೇಳ ಮುಳುಗಿರ್ಲಿಲ್ಲವಲ್ಲ, ಈ ಸಲಾನೂ ಮುಳುಗಲ್ಲ ಅನ್ನೋ ಧೈರ್ಯ.

ಲೆಕ್ಕ ತಪ್ಪಿದ್ದು ಇಲ್ಲೇ ನೋಡಿ. 1975ರಲ್ಲಿ ಹೋದವನು ಹಾಡುಗಾರ. 1996ರಲ್ಲಿ ಹೋದವನು ಹಾಡುಗಾರ ಮಾತ್ರ ಅಲ್ಲ, ಡ್ರಮ್ಮರ್ರೂ ಅವನೇ. ಇವ್ರು ತುಂಬಿದ್ದು ಹಾಡುಗಾರನ ಜಾಗ. ಡ್ರಮ್ಮರ್ ಜಾಗ ಖಾಲಿ ಇದೆ ಅನ್ನೋದು ಇವ್ರ ತಲೆಗೇ ಹೋಗಿಲ್ಲ ಅನ್ಸತ್ತೆ.

ಇದನ್ನ ನಾನೇ ಕಂಡುಹಿಡಿದೆ ಅಂತ ಜಂಭ ಕೊಚ್ಚಿಕೊಳ್ಳಲ್ಲ, ಅಪ್ಪಯ್ಯ ಹೇಳಿದ್ದು. ಅಪ್ಪಯ್ಯನಿಗೆ ಎಪ್ಪತ್ತಾರು, ಹವ್ಯಾಸಿ ಮದ್ದಳೆಗಾರ, ಇಂಗ್ಲಿಷ್ ಹಾಡು ಅಂದ್ರೆ ಎಲ್ಲಾ ಒಂದೇ ಅವರಿಗೆ. ನಾನು ಅಟ್ಟದಿಂದ ಟೇಪ್‌ರೆಕಾರ್ಡರ್ರೂ ಇಳಿಸಿ ಜಗಲಿ ಮೇಲಿಟ್ಟು ಈ ಕ್ಯಾಸೆಟ್ ಹಾಕಿದ್ದೆ, ಅವ್ರು ಎಲೆಗೆ ಸುಣ್ಣ ಹಚ್ತಾ ಕೂತಿದ್ರು, ಯಾವ ಹಾಡಾದ್ರೂ ಸರಿ ಅವರ ಬಲಗೈ ಬೆರಳು ತೊಡೆ ಮೇಲೆ ತಂತಾನೇ ಆಡತ್ತೆ, ಅದು ಅಭ್ಯಾಸ. ನಾಲ್ಕನೇ ಹಾಡಿನ ಹೊತ್ತಿಗೆ ಬೆರಳು ನಿಂತೋಯ್ತು. "ಹಾಡುವವ ಅಡ್ಡಿಲ್ಲ ಮಾರಾಯ. ಬಾರಿಸುವವ ಮಾತ್ರ ಎಲ್ಲಾ ಆದ್ಮೇಲೆ ಬಂದು ಕೂತ ಹಾಗೆ ಉಂಟು" ಅಂದ್ರು. ಅಷ್ಟೇ ಹೇಳಿ ಎಲೆ ಬಾಯಿಗೆ ಹಾಕ್ಕೊಂಡ್ರು, ಮತ್ತೆ ಅರ್ಧ ಗಂಟೆ ಮಾತಿಲ್ಲ.

ನನಗೆ ಕೂತಲ್ಲೇ ಒಂಥರಾ ಆಯ್ತು, ಯಾಕಂದ್ರೆ ನಡೆದದ್ದು ಅಕ್ಷರಶಃ ಅದೇ. ಬ್ಯಾಂಕ್ಸು ರುದರ್‌ಫೋರ್ಡು ಚಿಡಿಂಗ್‌ಫೋಲ್ಡ್ ಅನ್ನೋ ಹಳ್ಳಿಯಲ್ಲಿರೋ ತಮ್ಮದೇ ಸ್ಟುಡಿಯೋದಲ್ಲಿ, ಅದರ ಹೆಸರೇ ಫಾರ್ಮ್ ಅಂತ, ಇಬ್ಬರೇ ಕೂತು ಡ್ರಮ್ ಮಷೀನ್ ಹಾಕ್ಕೊಂಡು ಹೆಚ್ಚಿನ ಹಾಡೆಲ್ಲ ಕಟ್ಟಿದ್ರು. ಅದಾದ್ಮೇಲೆ ಹಾಡೋನು ಬಂದ. ಡ್ರಮ್ಸ್ ಬಾರಿಸೋಕೆ ಇಬ್ಬರನ್ನ ಕರೆಸಿದ್ರು, ಇಸ್ರೇಲಿನ ನಿರ್ ಝಿಡ್ಕ್ಯಾಹು, ಅಮೆರಿಕದ ಸ್ಪಾಕ್ಸ್ ಬಿಯರ್ಡ್ ಬ್ಯಾಂಡಿನ ನಿಕ್ ಡಿವರ್ಜಿಲಿಯೋ. ಇಬ್ಬರೂ ಸಾಮಾನ್ಯದವರಲ್ಲ, ಡಿವರ್ಜಿಲಿಯೋ ಅಂತೂ ಇದೇ ಜೆನೆಸಿಸ್ ಕೇಳ್ಕೊಂಡು ಬೆಳೆದ ಜಾತಿ. ಆದ್ರೆ ಮಷೀನ್ ಹಾಕಿಟ್ಟ ಗೆರೆ ಮೇಲೆ ಅವ್ರು ನಡೀಬೇಕು. ಅಡಿಪಾಯ ಹಾಕಿ ಗೋಡೆ ಎಬ್ಬಿಸಿ ಹಂಚೂ ಹೊದಿಸಿ ಆಮೇಲೆ ಮೇಸ್ತ್ರಿನ ಕರೆದು "ಸ್ವಲ್ಪ ನೋಡಪ್ಪಾ" ಅಂದ್ರೆ ಅವನಾದ್ರೂ ಏನ್ ಮಾಡ್ತಾನೆ.

ಕಾಲಿನ್ಸ್ ಇದ್ದಾಗ ಹಾಗಿರ್ಲಿಲ್ಲ. ಮೂರು ಜನ ಒಂದು ರೂಮಲ್ಲಿ ಕೂತು ಬಾರಿಸ್ತಾ ಬಾರಿಸ್ತಾ ಹಾಡು ಹುಟ್ತಿತ್ತು, ಇವ್ರಿಬ್ಬರಿಗೆ ಕಾರ್ಡು (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಕಾರ್ಡು ಅಂತ ಉದ್ದ ಎಳೆಯೋ ಚಾಳಿ, ಅವನು ಡ್ರಮ್ಸಿನ ಹಿಂದೆ ಕೂತು ಅದನ್ನ ಎತ್ತಿ ನಿಲ್ಲಿಸ್ತಿದ್ದ. ಜೊತೆಗೆ ಮೂರನೇ ಅಭಿಪ್ರಾಯ ಅನ್ನೋದು ಒಂದಿತ್ತು. ಇಬ್ಬರೇ ಇದ್ದಾಗ ಏನಾಗತ್ತೆ ಹೇಳಿ, ನೀನು ನನ್ನ ಹಾಡು ಕತ್ತರಿಸ್ಬೇಡ ನಾನು ನಿನ್ನ ಹಾಡು ಕತ್ತರಿಸಲ್ಲ. ಅಣ್ಣತಮ್ಮ ಆಸ್ತಿ ಪಾಲು ಮಾಡ್ಕೊಂಡ ಹಾಗೆ ಇದೆ ಈ ಆಲ್ಬಮ್ಮು, ಇಬ್ಬರಿಗೂ ಬೇಜಾರಾಗ್ದೇ ಇರೋ ಹಾಗೆ, ಕೇಳೋರಿಗೆ ಮಾತ್ರ 67 ನಿಮಿಷ.

ಹಾಡುಗಾರನ ವಿಷಯಕ್ಕೆ ಬರ್ತೀನಿ. ರೇ ವಿಲ್ಸನ್, ಸ್ಕಾಟ್ಲೆಂಡಿನವನು, ಹುಟ್ಟಿದ್ದು 1968ರಲ್ಲಿ, ಅಂದ್ರೆ ಬ್ಯಾಂಡ್ ಹುಟ್ಟಿದ ಮಾರನೇ ವರ್ಷ. ಸ್ಟಿಲ್ಟ್‌ಸ್ಕಿನ್ ಅಂತ ಬ್ಯಾಂಡಲ್ಲಿ ಹಾಡ್ತಿದ್ದ, ಅವರ ಇನ್‌ಸೈಡ್ ಅನ್ನೋ ಹಾಡು ಲೀವೈಸ್ ಜೀನ್ಸಿನ ಜಾಹೀರಾತಲ್ಲಿ ಬಂದು 1994ರಲ್ಲಿ ಬ್ರಿಟನ್ನಲ್ಲಿ ನಂಬರ್ 1 ಆಗಿತ್ತು. ಒರಟು ದನಿ, ಕೆಳಗಿನ ಸ್ಥಾಯಿಯಲ್ಲಿ ಹೊಗೆ ಹಾಕಿದ ಹಾಗೆ ದಪ್ಪ, ಮೇಲೆ ಹೋದ್ರೆ ಸ್ವಲ್ಪ ಬಿರಿಯತ್ತೆ, ಆ ಬಿರುಕೇ ಚಂದ. ಇಂಥ ದನಿ ಜೆನೆಸಿಸ್ಸಲ್ಲಿ ಯಾವತ್ತೂ ಇರ್ಲಿಲ್ಲ. ಗೇಬ್ರಿಯಲ್‌ದೂ ಕಾಲಿನ್ಸ್‌ದೂ ಒಂದೇ ಮನೆಯ ದನಿ, ಕಣ್ಣು ಮುಚ್ಚಿ ಕೇಳಿದ್ರೆ ಕೆಲವೊಮ್ಮೆ ಗುರುತೇ ಸಿಗಲ್ಲ, ಇವನು ಪೂರ್ತಿ ಬೇರೆ ಊರು. ಒಂದು ಸ್ವಾರಸ್ಯ ಅಂದ್ರೆ ಆಗ ಆಡಿಷನ್ ಕೊಟ್ಟವ್ರಲ್ಲಿ ಡೇವಿಡ್ ಲಾಂಗ್‌ಡನ್ ಅಂತ ಒಬ್ಬ ಇದ್ದ, ಜೆನೆಸಿಸ್ ಶೈಲಿಗೆ ಹೇಳಿ ಮಾಡಿಸಿದ ದನಿ, ಅವನನ್ನ ಬಿಟ್ಟು ವಿಲ್ಸನ್ನನ್ನ ತಗೊಂಡ್ರು. ಆ ಲಾಂಗ್‌ಡನ್ ಮುಂದೆ ಬಿಗ್ ಬಿಗ್ ಟ್ರೇನ್ ಅನ್ನೋ ಬ್ಯಾಂಡಿಗೆ ಹಾಡಿದ, ಅಲ್ಲಿ ಅವನ ಹಿಂದೆ ಡ್ರಮ್ಸ್ ಬಾರಿಸಿದ್ದು ಯಾರು ಅಂದ್ರೆ ಇದೇ ಡಿವರ್ಜಿಲಿಯೋ. ಜೆನೆಸಿಸ್ಸು ಮಾಡ್ಬೇಕಿದ್ದ ಆಲ್ಬಮ್ಮುಗಳನ್ನ ಅವ್ರಿಬ್ಬರು ಅಲ್ಲಿ ಕೂತು ಮಾಡಿದ್ರು ಅಂತ ನನಗನ್ಸತ್ತೆ, ಪುರುಸೊತ್ತಿದ್ರೆ ಅದನ್ನೂ ಕೇಳಿ.

ವಿಲ್ಸನ್ ಕೈಗೆ ಸಿಕ್ಕಿದ್ದು ಆಗ್ಲೇ ಹೊಲಿದಿಟ್ಟ ಅಂಗಿ. ಹನ್ನೊಂದು ಹಾಡಲ್ಲಿ ಬರೆದವ್ರ ಸಾಲಲ್ಲಿ ಅವನ ಹೆಸರಿರೋದು ಮೂರಕ್ಕೆ, ನಾಟ್ ಅಬೌಟ್ ಅಸ್, ಸ್ಮಾಲ್ ಟಾಕ್, ದೇರ್ ಮಸ್ಟ್ ಬಿ ಸಮ್ ಅದರ್ ವೇ. ಉಳಿದದ್ದೆಲ್ಲ ಬ್ಯಾಂಕ್ಸ್ ರುದರ್‌ಫೋರ್ಡ್ ಹೆಸರಲ್ಲಿ. ಹೊಸ ಭಾಗವತರನ್ನ ಕರ್ಕೊಂಡು ಬಂದು ಹಳಬರ ಶ್ರುತಿಗೇ ಹಾಡಿ ಅಂದ್ರೆ ಹೆಂಗೆ?

ಹಾಡು ಹಾಡಾಗಿ ಹೇಳ್ತೀನಿ, ಎಲ್ಲದಕ್ಕೂ ಒಂದೇ ಅಳತೆ ಕೊಡಲ್ಲ, ಕೆಲವಕ್ಕೆ ಅಷ್ಟು ಯೋಗ್ಯತೆ ಇಲ್ಲ.

ಆಲ್ಬಮ್ಮಿನ ಹೆಸರಿನ ಹಾಡೇ ಮೊದಲನೇದು. ಗಿಟಾರ್ ದಪ್ಪಕೆ ಭಾರವಾಗಿ ಎಳ್ಕೊಂಡು ಬರತ್ತೆ, ಕತ್ತಲೆ ಕತ್ತಲೆ, ಹಳೇ ಜೆನೆಸಿಸ್ಸಿನ ಯಾವ ಆಲ್ಬಮ್ಮೂ ಹೀಗೆ ಶುರುವಾಗಲ್ಲ. ವಿಲ್ಸನ್ ಕೆಳಗಿಂದ ಶುರು ಮಾಡಿ ಒಂದೊಂದೇ ಮೆಟ್ಟಿಲು ಹತ್ತುತ್ತಾನೆ, ಕೊನೇ ಒಂದು ನಿಮಿಷ ಅವನು ಕೂಗೋದಿದೆಯಲ್ಲ, ಅದನ್ನ ಹಾಸ್ಟೆಲ್ಲಲ್ಲಿ ಕೇಳಿಯೂ ಹಾಡೋಕೆ ಬರಲ್ಲ ಅಂದ ನಮ್ಮ ಕಿವಿಗೆ ಏನಾಗಿತ್ತೋ. ಆದ್ರೆ ಅವನು ತುದಿಗೆ ಹೋಗಿ ನಿಂತಾಗ ಹಿಂದಿನಿಂದ ಡ್ರಮ್ಸು ಒಂದು ಸಲ ಎತ್ತಿ ಕುಕ್ಕಬೇಕಿತ್ತು, ಕುಕ್ಕಲ್ಲ, ಹೋದ ಹಾಗೇ ಹೋಗ್ತಾ ಇರತ್ತೆ, ವಾಲ್ಯೂಮ್ ಕಮ್ಮಿ ಮಾಡಿ ಮುಗಿಸ್ತಾರೆ. ಈ ಫೇಡ್‌ಔಟ್ ಖಾಯಿಲೆ ಆಲ್ಬಮ್ಮಿಗೆಲ್ಲ ಅಂಟಿದೆ. ಅಪ್ಪಯ್ಯ ಎರಡನೇ ಸಲ ಬಾಯಿ ಬಿಟ್ಟಿದ್ದು ಇದಕ್ಕೇ, "ಇವಕ್ಕೆಲ್ಲ ಮುಕ್ತಾಯ ಇಲ್ವಾ?" ಅಂತ. ತಾಳಕ್ಕೆ ಒಂದು ಮುಕ್ತಾಯ ಕೊಟ್ಟು ನಿಲ್ಲಿಸೋದು ಬಾರಿಸೋನ ಕೆಲಸ, ಅವನಿಲ್ಲ ಅಂದ್ರೆ ಕರೆಂಟ್ ಹೋಗಿ ಆಟ ನಿಂತ ಹಾಗೇ ಆಗತ್ತೆ.

ಕಾಂಗೋ ಎರಡನೇದು, ಮೊದಲ ಸಿಂಗಲ್, ಅಂದ್ರೆ ಬಿಡಿಯಾಗಿ ಬಿಟ್ಟ ಹಾಡು, ಅದೇ. ಆಫ್ರಿಕಾದ ಥರ ತಾಳ ಕೂಗು ಇಟ್ಟು ಶುರು ಮಾಡ್ತಾರೆ, ಆಮೇಲೆ ಅದಕ್ಕೂ ಹಾಡಿಗೂ ಸಂಬಂಧ ಇಲ್ಲ, ಹಾಡು ಇರೋದು ಹಳಸಿದ ಸಂಬಂಧದ ಬಗ್ಗೆ, ನನ್ನನ್ನ ಎಲ್ಲಾದ್ರೂ ದೂರ ಅಟ್ಟು ಅನ್ನೋ ಥರ, ಆ ದೂರಕ್ಕೆ ಕಾಂಗೋ ಅಂತ ಹೆಸರು. ಕೀಬೋರ್ಡಿನ ತುತ್ತೂರಿ ಥರದ ಸೌಂಡು ತಲೇಲಿ ಕೂತುಬಿಡತ್ತೆ, ಒಪ್ಕೋತೀನಿ. ಬ್ರಿಟನ್ನಿನ ಪಟ್ಟಿಯಲ್ಲಿ 29ನೇ ಸ್ಥಾನಕ್ಕೆ ನಿಂತಿತು. ಐದು ವರ್ಷದ ಹಿಂದೆ ಇವರ ಹಾಡು ರೇಡಿಯೋದಿಂದ ಇಳೀತಾನೇ ಇರ್ಲಿಲ್ಲ. ಶಿಪ್‌ರೆಕ್ಡ್ ಚಂದ ಇದೆ, ಶುರುವಿನ ಗಿಟಾರ್ ಹಳೇ ಟ್ರಾನ್ಸಿಸ್ಟರಲ್ಲಿ ಕೇಳೋ ಹಾಗೆ ಕರಕರ ಅಂತ ಬರತ್ತೆ, ನಮ್ಮ ಟೇಪ್‌ರೆಕಾರ್ಡರಲ್ಲಂತೂ ಹಾಡೆಲ್ಲಿ ಕರಕರ ಮಷೀನೆಲ್ಲಿ ಕರಕರ ಗೊತ್ತಾಗ್ಲಿಲ್ಲ.

ಏಲಿಯನ್ ಆಫ್ಟರ್‌ನೂನ್. ಅಪ್ಪಯ್ಯನ ಬೆರಳು ನಿಂತ ಹಾಡು. ಬೆಳಿಗ್ಗೆ ಎದ್ದು ಕೆಲಸಕ್ಕೆ ಹೊರಟ ಒಬ್ಬ ಮನುಷ್ಯನನ್ನ ಅನ್ಯಗ್ರಹದವ್ರು ಹೊತ್ಕೊಂಡು ಹೋಗೋ ಕತೆ, ಸುಮಾರು ಎಂಟು ನಿಮಿಷ. ಕತೆ ನೋಡಿದ್ರೆ ಪಕ್ಕಾ ಹಳೇ ಜೆನೆಸಿಸ್ ಮಾಲು, ಇದೇ ಕತೆ 1973ರಲ್ಲಿ ಸಿಕ್ಕಿದ್ರೆ ಗೇಬ್ರಿಯಲ್ ಏನೇನು ವೇಷ ಹಾಕ್ತಿದ್ನೋ. ಇಲ್ಲಿ ಮೊದಲರ್ಧ ಜಮೈಕಾದ ರೆಗೇ ಸಂಗೀತದ ಥರ ಕುಂಟಿಕೊಂಡು ಹೋಗತ್ತೆ, ಮನುಷ್ಯನನ್ನ ಆಕಾಶಕ್ಕೆ ಎತ್ಕೊಂಡು ಹೋಗೋ ಜಾಗದಲ್ಲಿ ಮೈ ಜುಮ್ ಅನ್ನಬೇಕು, ಆ ತಿರುವಿನಲ್ಲಿ ತಾಳ ಬದಲಾಗೋದೇ ಗೊತ್ತಾಗಲ್ಲ. ಪ್ರಸಂಗದಲ್ಲಿ ರಾಕ್ಷಸ ಬರೋ ಹೊತ್ತಿಗೆ ಚಂಡೆ ಏರಬೇಕೋ ಬೇಡ್ವೋ? ಇವರ ರಾಕ್ಷಸ ಬಸ್ಸಿಂದ ಇಳಿದು ನಡ್ಕೊಂಡು ಬಂದ ಹಾಗೆ ಬರ್ತಾನೆ.

ನಾಟ್ ಅಬೌಟ್ ಅಸ್ ಅಕೂಸ್ಟಿಕ್ ಗಿಟಾರಿನ ಮೆಲು ಹಾಡು, ವಿಲ್ಸನ್ ಬರೆಯೋದ್ರಲ್ಲಿ ಕೈ ಹಾಕಿದ್ದು, ಅವನ ದನಿಗೆ ಸರಿಯಾಗಿ ಕೂರತ್ತೆ, ಕೇಳಿದ ತಕ್ಷಣ ಗೊತ್ತಾಗತ್ತೆ ಇವನ ಅಳತೆ ತಗೊಂಡು ಹೊಲಿದ ಅಂಗಿ ಇದು ಅಂತ. ಇಫ್ ದಟ್ಸ್ ವಾಟ್ ಯು ನೀಡ್ ಬಂತು ಹೋಯ್ತು.

ದಿ ಡಿವೈಡಿಂಗ್ ಲೈನ್ ಬಗ್ಗೆ ಸ್ವಲ್ಪ ನಿಂತು ಹೇಳ್ಬೇಕು, ಯಾಕಂದ್ರೆ ನನ್ನ ವಾದಕ್ಕೆ ಸಾಕ್ಷಿ ಇದೊಂದೇ ಹಾಡು. ಉಳ್ಳವ್ರು ಇಲ್ಲದವ್ರ ಮಧ್ಯದ ಗೆರೆ ಬಗ್ಗೆ ಇದೆ ಹಾಡು. ಶುರುವಲ್ಲಿ ಹಾಡೇ ಇಲ್ಲ, ಕೀಬೋರ್ಡು ಬೇಸು ಓಡ್ತಾ ಇರತ್ತೆ, ಡ್ರಮ್ಸಿಗೆ ಝಿಡ್ಕ್ಯಾಹು, ಇದೊಂದು ಕಡೆ ಮಾತ್ರ ಅವನಿಗೆ ಹಗ್ಗ ಬಿಚ್ಚಿ ಬಿಟ್ಟಿದ್ದಾರೆ. ಏನ್ ಬಾರಿಸ್ತಾನೆ ಮಾರಾಯ್ರೆ! ಇಡೀ ಆಲ್ಬಮ್ಮೇ ಎದ್ದು ಕೂತ್ಕೊಳತ್ತೆ, ಬ್ಯಾಂಕ್ಸ್ ಬೆರಳಿಗೂ ಇಪ್ಪತ್ತು ವರ್ಷ ಕಮ್ಮಿಯಾದ ಹಾಗೆ, ಅದರ ಮೇಲೆ ವಿಲ್ಸನ್ ಬಂದು ಕೂತಾಗ ಇವ್ನಿಗೂ ಈ ಬ್ಯಾಂಡಿಗೂ ಎಷ್ಟು ಒಪ್ಪತ್ತೆ ಅನ್ಸತ್ತೆ. ಜಗಲಿಯಲ್ಲಿ ತೊಡೆ ಮೇಲಿನ ಬೆರಳು ಮತ್ತೆ ಶುರುವಾಯ್ತು, ನಾನು ಓರೆಗಣ್ಣಲ್ಲಿ ನೋಡಿದೆ. ಬಾರಿಸೋನಿಗೆ ಜಾಗ ಕೊಟ್ಟ ಕಡೆ ಹಾಡುಗಾರನೂ ಗೆದ್ದ. ಆಗ ತಪ್ಪು ಯಾರದ್ದು ಹೇಳಿ.

ಅನ್‌ಸರ್ಟನ್ ವೆದರ್ ಹಳೇ ಫೋಟೋ ಒಂದನ್ನ ನೋಡ್ತಾ ಅದರಲ್ಲಿರೋ ಮನುಷ್ಯ ಎಲ್ಲಿ ಹೋದ, ಹೊಗೆ ಹಾಗೆ ಹೇಗೆ ಕರಗಿದ ಅಂತ ಕೇಳೋ ಹಾಡು, ಯಾರೂ ಇದರ ಬಗ್ಗೆ ಮಾತಾಡಲ್ಲ, ನನಗೆ ಈ ಸಲ ಕೇಳಿದಾಗ ಎಲ್ಲಕ್ಕಿಂತ ಹಿಡಿಸಿದ್ದು ಇದು. ಇಪ್ಪತ್ತು ವರ್ಷದಲ್ಲಿ ಕೇಳಿದ್ರೆ ಹಿಡಿಸಲ್ಲ, ಅದು ವಯಸ್ಸಿನ ವಿಷಯ. ನಮ್ಮನೆ ನಡುಮನೇಲಿ ಅಂಥ ಫೋಟೋ ನಾಲ್ಕಿವೆ, ಅದರಲ್ಲಿ ಇಬ್ಬರ ಹೆಸರು ಅಪ್ಪಯ್ಯನಿಗೂ ಗೊತ್ತಿಲ್ಲ. ಸ್ಮಾಲ್ ಟಾಕ್ ಬೇಡವಾಗಿತ್ತು, ಮಧ್ಯ ಜನ ಗುಸುಗುಸು ಮಾತಾಡೋದನ್ನ ಹಾಕಿದ್ದಾರೆ, ಮದುವೆ ಮನೇಲಿ ಮೈಕ್ ಆಫ್ ಮಾಡೋದು ಮರೆತ ಹಾಗೆ. ದೇರ್ ಮಸ್ಟ್ ಬಿ ಸಮ್ ಅದರ್ ವೇ ಗಂಡ ಹೆಂಡ್ತಿ ಬೇರೆಯಾಗೋ ಹಾಡು, ವಿಲ್ಸನ್ ಜೀವ ಬಿಟ್ಟು ಹಾಡ್ತಾನೆ, ಮಧ್ಯ ಬ್ಯಾಂಕ್ಸ್ ಸಾಹೇಬ್ರು ಕೀಬೋರ್ಡ್ ಹಿಡ್ಕೊಂಡು ಹೊರಟ್ರೆ ವಾಪಸ್ ಬರೋದೇ ಇಲ್ಲ. ಇಲ್ಲೇ ಮೂರನೇ ಮನುಷ್ಯ ಬೇಕಿತ್ತು, "ಟೋನಿ, ಸಾಕು" ಅನ್ನೋಕೆ. ಕೊನೇದು ಒನ್ ಮ್ಯಾನ್ಸ್ ಫೂಲ್, ಸುಮಾರು ಒಂಬತ್ತು ನಿಮಿಷ, ತಾನು ನಂಬಿದ್ದಕ್ಕೋಸ್ಕರ ಬೇರೆಯವ್ರ ಪ್ರಾಣ ತೆಗೆಯೋರ ಬಗ್ಗೆ. 2001ರ ಸೆಪ್ಟೆಂಬರ್ ಆದ್ಮೇಲೆ ಇದನ್ನ ಕೇಳಿದ್ರೆ ಬೆನ್ನಲ್ಲಿ ಚಳಿ ಬರತ್ತೆ, ಬರೆದಿದ್ದು ಅದಕ್ಕೂ ನಾಲ್ಕು ವರ್ಷ ಮುಂಚೆ.

ಇನ್ನೊಂದು ಸಿಟ್ಟು. ಸಿಂಗಲ್ಲುಗಳ ಹಿಂಬದಿಗೆ ಹಾಕಿ ಕೈತೊಳ್ಕೊಂಡ ಹಾಡುಗಳಿವೆ, ಎನಿಥಿಂಗ್ ನೌ ಅಂತ ಒಂದು, ಯೂಟ್ಯೂಬಲ್ಲಿ ಹುಡುಕಿ ಕೇಳಿ, ಆಲ್ಬಮ್ಮಲ್ಲಿರೋ ಅರ್ಧ ಹಾಡಿಗಿಂತ ಲವಲವಿಕೆ ಇದೆ. ಸ್ಮಾಲ್ ಟಾಕ್ ಒಳಗೆ, ಇದು ಹೊರಗೆ! ಯಾವ ಮಹಾನುಭಾವ ಆರಿಸಿದ್ನೋ.

ಆಲ್ಬಮ್ ಬ್ರಿಟನ್ನಲ್ಲಿ ಬಂದಿದ್ದು 1997ರ ಸೆಪ್ಟೆಂಬರ್ 1ಕ್ಕೆ. ಹಿಂದಿನ ದಿನ ಪ್ಯಾರಿಸ್ಸಲ್ಲಿ ಡಯಾನಾ ತೀರಿಕೊಂಡಿದ್ರು, ಇಡೀ ದೇಶಕ್ಕೆ ಸೂತಕ, ಹೊಸ ಆಲ್ಬಮ್ ಬಂದಿದೆ ಅಂತ ಕೇಳೋ ಮನಸ್ಸು ಯಾರಿಗಿತ್ತು. ಆದ್ರೂ ಹಳೇ ಅಭಿಮಾನಿಗಳು ತಗೊಂಡ್ರು, ಅಲ್ಲಿ 2ನೇ ಸ್ಥಾನಕ್ಕೆ ಹೋಯ್ತು. ಅಮೆರಿಕದಲ್ಲಿ 54. ಹಿಂದಿನ ಆಲ್ಬಮ್ ಅಲ್ಲಿ 4ಕ್ಕೆ ಹೋಗಿದ್ದು, ಅಂದ್ರೆ ಮಲಗೇಬಿಡ್ತು. ತಮಾಷೆ ಅಂದ್ರೆ ಉದ್ದದ, ಕತ್ತಲೆಯ, ಒಂದೇ ಹಾಡಲ್ಲಿ ಮೂರು ತಿರುವು ತಗೊಳ್ಳೋ ಸಂಗೀತ ಜನಕ್ಕೆ ಬೇಡ ಅಂತೇನಿರ್ಲಿಲ್ಲ, ಅದೇ ವರ್ಷ ಜೂನಲ್ಲಿ ರೇಡಿಯೋಹೆಡ್‌ನವ್ರು ಓಕೆ ಕಂಪ್ಯೂಟರ್ ಅನ್ನೋ ಆಲ್ಬಮ್ ತಂದು ಬ್ರಿಟನ್ನಲ್ಲಿ ನಂಬರ್ 1 ಮಾಡಿ ಕೂತಿದ್ರು. ಜೆನೆಸಿಸ್ಸಿನವ್ರು ಇಪ್ಪತ್ತೈದು ವರ್ಷದ ಹಿಂದೆ ಬಿತ್ತಿದ್ದನ್ನ ಪಕ್ಕದ ಗದ್ದೆಯವ್ರು ಕೊಯ್ದರು ಅಂತ ಇಟ್ಕೊಳ್ಳಿ.

ಟೂರ್ ಕತೆ ಇನ್ನೂ ಬೇಜಾರು. ಅಮೆರಿಕದಲ್ಲಿ ದೊಡ್ಡ ದೊಡ್ಡ ಒಳಾಂಗಣಗಳಲ್ಲಿ ಶೋ ಇಟ್ರು, ಟಿಕೆಟ್ ಹೋಗ್ಲಿಲ್ಲ, ಸಣ್ಣ ಥಿಯೇಟರ್ರಿಗೆ ಇಳಿಸಿದ್ರು, ಅದೂ ಹೋಗ್ಲಿಲ್ಲ, ಕೊನೆಗೆ ಟೂರೇ ಕ್ಯಾನ್ಸಲ್. ಯೂರೋಪಲ್ಲಿ 1998ರ ಜನವರಿಯಿಂದ ಮೇ ತನಕ ತಿರುಗಿದ್ರು. ಆ ಶೋಗಳ ರೆಕಾರ್ಡಿಂಗ್ ಕೇಳಿದ್ರೆ ವಿಲ್ಸನ್ ಮೇಲಿನ ಗೌರವ ಇನ್ನೂ ಹೆಚ್ಚಾಗತ್ತೆ. ಗೇಬ್ರಿಯಲ್ ಹಾಡಿದ್ದನ್ನೂ ಹಾಡ್ಬೇಕು, ಕಾಲಿನ್ಸ್ ಹಾಡಿದ್ದನ್ನೂ ಹಾಡ್ಬೇಕು, ಎದುರಿಗೆ ಕೂತವ್ರು ಮನಸ್ಸಲ್ಲೇ ತೂಗ್ತಾ ಇರ್ತಾರೆ, ಅದರ ಮಧ್ಯ ಇವನು ಗೇಬ್ರಿಯಲ್ ಕಾಲದ ಕಾರ್ಪೆಟ್ ಕ್ರಾಲರ್ಸ್ ಹಾಡ್ತಾನೆ ನೋಡಿ, ಯಾರ ನಕಲೂ ಮಾಡ್ದೇ, ಗಂಟಲು ತುಂಬ. ಅಷ್ಟೆಲ್ಲ ಮಾಡಿದವನಿಗೆ ಆದದ್ದೇನು, ಎರಡು ಆಲ್ಬಮ್ಮಿಗೆ ಕರಾರಿತ್ತು, ಎರಡನೇದು ಆಗ್ಲೇ ಇಲ್ಲ, ಬ್ಯಾಂಕ್ಸು ರುದರ್‌ಫೋರ್ಡು ಇನ್ನು ಸಾಕು ಅಂತ ಅಂಗಡಿ ಮುಚ್ಚಿದ್ರು. ಕಾಲಿಂಗ್ ಆಲ್ ಸ್ಟೇಷನ್ಸೇ ಕೊನೇ ಸ್ಟುಡಿಯೋ ಆಲ್ಬಮ್ ಆಯ್ತು.

ಮುಂದೆ 2007ರಲ್ಲಿ ಕಾಲಿನ್ಸ್ ಜೊತೆ ಮತ್ತೆ ಸೇರಿ ಟೂರ್ ಮಾಡಿದ್ರು, 2021ರಲ್ಲಿ ಮತ್ತೊಂದು, 2022ರ ಮಾರ್ಚ್ 26ಕ್ಕೆ ಲಂಡನ್ನಲ್ಲಿ ಕೊನೇ ಶೋ. ಕಾಲಿನ್ಸಿಗೆ ಆರೋಗ್ಯ ಸರಿಯಿಲ್ಲ, ಕುರ್ಚಿ ಮೇಲೆ ಕೂತೇ ಹಾಡಿದ, ಡ್ರಮ್ಸಿಗೆ ಅವನ ಮಗ ನಿಕ್. ಹಾಡೋನ ದನಿ ಅರ್ಧಕ್ಕರ್ಧ ಇಳಿದಿದೆ, ಹಿಂದೆ ಹುಡುಗ ಅಪ್ಪನ ಕೈಯೇ ಬಂದ ಹಾಗೆ ಬಾರಿಸ್ತಾನೆ, ಆ ವಿಡಿಯೋ ನೋಡಿ, ಬ್ಯಾಂಡು ಬ್ಯಾಂಡಿನ ಥರಾನೇ ಕೇಳತ್ತೆ. ಆ ಎರಡೂ ಟೂರಲ್ಲಿ ಕಾಲಿಂಗ್ ಆಲ್ ಸ್ಟೇಷನ್ಸಿನ ಒಂದೇ ಒಂದು ಹಾಡು ಇರ್ಲಿಲ್ಲ, ಕಾಲಿನ್ಸ್ ಇಲ್ಲದ ಆಲ್ಬಮ್ಮು ಅಂತ ಇರಬಹುದು, ಆದ್ರೂ ಮನೆಯವ್ರೇ ಮರೆತ ಮಗುವಿನ ಹಾಗಾಯ್ತು. ವಿಲ್ಸನ್ ಮಾತ್ರ ಪೋಲೆಂಡಿನ ಪೋಜ್ನಾನ್ ಅನ್ನೋ ಊರಲ್ಲಿ ನೆಲೆಯೂರಿ ತನ್ನದೇ ತಂಡ ಕಟ್ಕೊಂಡು ಈ ಹಾಡುಗಳನ್ನೂ ಹಳೇ ಜೆನೆಸಿಸ್ ಹಾಡುಗಳನ್ನೂ ಹಾಡ್ತಾ ಬಂದ.

ತಗೊಳ್ಳೋರಿಗೆ ಎರಡು ಮಾತು. 2007ರಲ್ಲಿ ಇದೇ ಆಲ್ಬಮ್ಮಿನ ನಿರ್ಮಾಪಕ ನಿಕ್ ಡೇವಿಸ್ ಹೊಸದಾಗಿ ಮಿಕ್ಸ್ ಮಾಡಿದ್ದಾನೆ, ಅದನ್ನ ಕೇಳಿ, ನನ್ನ ಕಿವಿಗೆ ಡ್ರಮ್ಸು ಹಳೇದಕ್ಕಿಂತ ಸ್ವಲ್ಪ ಮುಂದೆ ಬಂದು ಕೂತಿದೆ. ಪೂರ್ತಿ 67 ನಿಮಿಷ ಒಂದೇ ಏಟಿಗೆ ಕೇಳೋ ಸಾಹಸ ಬೇಡ, ನಾನು ಮಾಡಿ ಹೇಳ್ತಿದ್ದೀನಿ. ಮೊದಲು ದಿ ಡಿವೈಡಿಂಗ್ ಲೈನ್, ಆಮೇಲೆ ಮೊದಲ ಹಾಡು, ಆಮೇಲೆ ರಾತ್ರಿ ಲೈಟ್ ಆರಿಸಿ ಅನ್‌ಸರ್ಟನ್ ವೆದರ್, ಹಿಡಿಸಿದ್ರೆ ನಾಟ್ ಅಬೌಟ್ ಅಸ್. ಜೆನೆಸಿಸ್ಸನ್ನ ಮೊದಲ ಸಲ ಕೇಳೋರು ಇದರಿಂದ ಶುರು ಮಾಡ್ಬೇಡಿ, 1976ರ ಎ ಟ್ರಿಕ್ ಆಫ್ ದಿ ಟೇಲ್‌ನಿಂದ ಶುರು ಮಾಡಿ, ಮದ್ದಳೆಯವ ಜಾಗಟೆ ಹಿಡಿದ ಮೊದಲ ಆಟ ಅದು. ಸ್ಟಾರ್ ಕೊಡ್ಲೇಬೇಕು ಅಂದ್ರೆ ಐದಕ್ಕೆ ಎರಡೂವರೆ, ಅದರಲ್ಲಿ ಒಂದೂವರೆ ವಿಲ್ಸನ್ನಿಗೇ.

ಕ್ಯಾಸೆಟ್ಟು ಬೇಕು ಅನ್ನೋರಿದ್ರೆ ಹೇಳಿ, ಪುಕ್ಕಟೆ ಕೊಡ್ತೀನಿ. ಆದ್ರೆ ಕೊನೇ ಹಾಡಿನ ಹೊತ್ತಿಗೆ ನಮ್ಮ ಟೇಪ್‌ರೆಕಾರ್ಡರ್ರು ರೀಲು ನುಂಗಿತ್ತು, ಅಪ್ಪಯ್ಯ ಅಡಿಕೆ ಕತ್ತರಿಯ ತುದಿಯಿಂದ ಮೆಲ್ಲಗೆ ಎಳೆದು ಬಿಡಿಸಿ ಪೆನ್ಸಿಲ್ ಹಾಕಿ ಸುತ್ತಿ ಕೊಟ್ರು, ರೀಲು ಅಲ್ಲಿ ಸುಕ್ಕಾಗಿದೆ. ಒನ್ ಮ್ಯಾನ್ಸ್ ಫೂಲ್ ಅರ್ಧಕ್ಕೆ ಬಂದಾಗ ವಿಲ್ಸನ್ ಕೆರೆಯೊಳಗಿಂದ ಹಾಡಿದ ಹಾಗೆ ಕೇಳತ್ತೆ, ಒಂದು ಹತ್ತು ಸೆಕೆಂಡ್ ಸಹಿಸ್ಕೊಳ್ಳಿ.